ಹೊಸ್ತಿಲ ಮೂಲೆಯ ಮೂರು ತಗ್ಗು

ಬೆಳಗಿನ ಐದೂವರೆ. ಕೆಂಭಾವಿಯ ಹಿಟ್ಟಿನ ಗಿರಣಿಗಳು ಇನ್ನೂ ಬಾಯಿ ಬಿಟ್ಟಿಲ್ಲ. ಅವು ಶುರುವಾದರೆ ಕರೆಂಟು ಬಡವಾಗಿ, ಕಟ್ಟಿಗೆ ಉಜ್ಜುವ ಮಷಿನ್ನಿನ ದನಿ ಕುಗ್ಗುತ್ತದೆ. ಅದಕ್ಕೇ ಸುಗಲಮ್ಮ ಊರಿಗಿಂತ ಮೊದಲೇ ಭೀಮಾಶಂಕರನ ಬಾಗಿಲು-ಚೌಕಟ್ಟಿನ ಶೆಡ್ಡಿಗೆ ಬಂದು ಬೀಗ ತೆಗೆಯುತ್ತಾಳೆ. ಸೆರಗು ಸೊಂಟಕ್ಕೆ ಬಿಗಿದು, ಹಳೆಯ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ತೇಗದ ಚೌಕಟ್ಟಿನ ಮೇಲೆ ಮೊದಲು ಬರಿ ಅಂಗೈ ಆಡಿಸುತ್ತಾಳೆ. ಆಮೇಲೆ ಮಷಿನ್ನು.

ದುಂಡನೆಯ ಪ್ಯಾಡಿನ ಮಷಿನ್ ಚೌಕಟ್ಟಿನ ಕಾಲಿನುದ್ದಕ್ಕೂ ಸರಾಗ ಓಡುತ್ತದೆ. ಮೂಲೆ ನಾಲ್ಕು ಬೆರಳು ದೂರ ಇರುವಾಗ ಅವಳ ಕೈ ತಾನೇ ನಿಲ್ಲುತ್ತದೆ. ಅದನ್ನು ಕೆಳಗಿಟ್ಟು, ಇಸ್ತ್ರಿ ಪೆಟ್ಟಿಗೆಯ ಮೂತಿಯಂಥ ಮೂರು ಮೂಲೆಯ ಪ್ಯಾಡಿನದನ್ನು ಎತ್ತಿಕೊಳ್ಳುತ್ತಾಳೆ.

"ದುಂಡಂದು ರೊಟ್ಟಿಯಂಗ ತಿರಗ್ತದ್ರಿ. ಬಯಲು ಸಿಕ್ರ ಅದರಷ್ಟು ಜಲ್ದಿ ಯಾವ್ದೂ ಕೆಲಸ ಮುಗಸಂಗಿಲ್ಲ. ಮೂಲ್ಯಾಗ ಮಾತ್ರ ಅದು ಕುರುಡು. ಈ ಚೌಕಂದು ಅಂಚಿಗುಂಟ ಹೋಗ್ತದ, ಆದ್ರ ಸಾವಕಾಶ. ಮೂಲಿಗಿ ಇಸ್ತ್ರಿಯಂಥದ್ದೇ ಬೇಕು. ಅದರ ಚೂಪಿನ ಕಾಗದ ಮೊದಲು ಸವೀತದ, ಅದಕ್ಕ ಮೂರು ಸಲ ತಿರುವಿ ತಿರುವಿ ಹಚ್ತೀನಿ," ಎಂದು ಬರೆದುಕೊಳ್ಳಲು ಬಂದ ಪತ್ರಿಕೆಯವರಿಗೆ ಹೇಳುತ್ತಾಳೆ.

ನಲವತ್ತೊಂದರ ಸುಗಲಮ್ಮ ಈ ಶೆಡ್ಡಿಗೆ ಬಂದದ್ದು ಕಟ್ಟಿಗೆಪುಡಿ ಗುಡಿಸಲು. ಆರು ವರ್ಷ ಗುಡಿಸಿದಳು. ಮಷಿನ್ ಹಿಡಿಯುತ್ತಿದ್ದವನು ಪುಣೆಗೆ ಹೋದಾಗ ಅದು ಅವಳ ಕೈಗೆ ಬಂತು. ಈಗ ದಿನಕ್ಕೆ ನಾಲ್ಕು ಚೌಕಟ್ಟು, ಹದಿನೆಂಟು ಹಾಳೆ ಉಪ್ಪುಕಾಗದ. ಮಷಿನ್ನಿನ ನಡುಕ ಬೆರಳಲ್ಲಿ ಎಷ್ಟು ಕೂತಿದೆಯೆಂದರೆ, ಸಂಜೆ ಹೆಂಚಿನ ಮೇಲಿನ ರೊಟ್ಟಿ ತಿರುವುವಾಗ ಬಿಸಿ ತಡವಾಗಿ ತಿಳಿಯುತ್ತದೆ. ಉಸಿರಲ್ಲಿ ಸಣ್ಣ ಶಿಳ್ಳೆಯೂ ಸೇರಿಕೊಂಡಿದೆ.

ಯಾದಗಿರಿಯಿಂದ, ಶಹಾಪುರದಿಂದ ಬಾಗಿಲು ಕೊಳ್ಳಲು ಬಂದವರು ಚೌಕಟ್ಟಿನ ಮೇಲೆ ಕೈಯಾಡಿಸಿ "ಯಾರ ಕೈಯಿದು?" ಎಂದು ಕೇಳುತ್ತಾರೆ. ಆಗೆಲ್ಲ ಸುಗಲಮ್ಮ ನೆಲ ನೋಡುತ್ತಾಳೆ. ಎಂಥ ವಿನಯ ಎಂದುಕೊಂಡು ಹೋಗುತ್ತಾರೆ ಜನ. ಪಾಪ, ಅವರಿಗೇನು ಗೊತ್ತು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಅವಳು ಮಷಿನ್ ಹಿಡಿದು ಮೂರನೇ ತಿಂಗಳು. ಪೇಟೆಯ ಹಿಂದಿನ ಭಾಗಮ್ಮನವರ ಹೊಸ ಮನೆಗೆ ತಲೆಬಾಗಿಲು ತಯಾರಾಗುತ್ತಿತ್ತು. ಹೊಸ್ತಿಲನ್ನು ರಂದಾ, ಅಂದರೆ ಕೀಸುಳಿ, ಹೊಡೆದು ಸಮ ಮಾಡಿದವನು ಬಡಿಗ ರಂಗಣ್ಣ. ಅರವತ್ತು ದಾಟಿದ್ದರೂ ಅವನ ರಂದಾ ಓಡಿದ ಕಟ್ಟಿಗೆಯ ಮೇಲೆ ನೀರು ಸುರಿದರೆ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಿತ್ತು. ಹೊಸ್ತಿಲು ಅವನ ಪಾಲಿನ ಕೆಲಸವೆಂದು ಸುತ್ತಲಿನ ಹಳ್ಳಿಗಳೆಲ್ಲ ಒಪ್ಪಿದ್ದವು.

ಉಜ್ಜಿ ನುಣುಪು ಮಾಡುವುದಷ್ಟೇ ಸುಗಲಮ್ಮನ ಪಾಲಿಗೆ ಉಳಿದಿತ್ತು. ಶೆಡ್ಡಿನಲ್ಲಿದ್ದದ್ದು ದುಂಡನೆಯ ಪ್ಯಾಡ್ ಒಂದೇ. ಹೊಸ್ತಿಲು ಮತ್ತು ಚೌಕಟ್ಟಿನ ಕಾಲು ಕೂಡುವ ಎಡಮೂಲೆಗೆ ಅದು ಮುಟ್ಟಲಿಲ್ಲ. ಕೈಯಲ್ಲಿ ಕಾಗದ ಹಿಡಿದು ಉಜ್ಜಬಹುದಿತ್ತು. ಅರ್ಧ ತಾಸು ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ. ಅವಳು ಮಷಿನ್ನಿನ ಹಿಂಬದಿ ಎತ್ತಿ, ಪ್ಯಾಡಿನ ಅಂಚನ್ನೇ ಒತ್ತಿದಳು. ಮೂರು ಸಲ. ಮೂರೂ ಸಲ ಉಗುರು ಊರಿದ ಹಾಗೆ ಬಾಗಿದ ತಗ್ಗು ಬಿತ್ತು. ಪಾಲಿಶ್ ಏರಿದ ಮೇಲೆ ಕಣ್ಣಿಗೆ ಕಾಣಲಿಲ್ಲ. ಅವಳೂ ಮರೆತಂತೆ ಮಾಡಿದಳು.

ಮನೆ ಹೊಗುವ ದಿನ ಭಾಗಮ್ಮನವರು ಅವಳನ್ನೇ ಕೂಗಿ ಕರೆದರು. "ಬಾ ಸುಗಲವ್ವ, ಇಷ್ಟು ನುಣುಪು ಮಾಡೀದಿ, ಮೊದಲ ಅರಿಶಿಣ ನೀನೇ ಹಚ್ಚು." ಮುತ್ತೈದೆಯರ ನಡುವೆ ಕೂತು, ಕಲಸಿದ ಅರಿಶಿಣವನ್ನು ಹೊಸ್ತಿಲ ಈ ತುದಿಯಿಂದ ಆ ತುದಿಗೆ ಎಳೆದಳು. ಎಡಮೂಲೆಯಲ್ಲಿ ಅರಿಶಿಣ ಮೂರು ಕಡೆ ದಪ್ಪನಾಗಿ ನಿಂತಿತು. ಅವಳ ಕೈಯೇ ಅವಳ ತಪ್ಪಿಗೆ ಬಣ್ಣ ಬಳಿದು ಎಲ್ಲರಿಗೂ ತೋರಿಸಿತ್ತು.

ಭಾಗಮ್ಮನವರ ಮುಖ ಇಳಿಯಿತು. "ರಂಗಣ್ಣ, ರಂದಾ ಜಾರ್ಸೀದೇನೋ? ಕಣ್ಣು ಮಂಜಾಗ್ಯಾವೇನು?"

ಮನೆಯವರು ಆಹೇರಿ ಕೊಟ್ಟ ಹೊಸ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ ರಂಗಣ್ಣ ಬಗ್ಗಿ, ತಗ್ಗಿನ ಮೇಲೆ ಹೆಬ್ಬೆರಳು ಎಳೆದ. "ವಯಸ್ಸಾತ್ರಿ ಅವ್ವಾರ, ಜಾರಿರಬೇಕು," ಎಂದ. ಸುಗಲಮ್ಮನ ಕಡೆ ನೋಡಲೂ ಇಲ್ಲ.

ಅವಳು ಬಾಯಿ ತೆರೆಯಲಿಲ್ಲ. "ಒಂದು ಚೌಕಟ್ಟು ಖರಾಬ್ ಮಾಡಿದ್ರ ಮತ್ತ ಕಸಬರಗಿನೇ" ಎಂದು ಭೀಮಾಶಂಕರ ಮೊದಲ ದಿನವೇ ಹೇಳಿದ್ದ. ಆ ಹೆದರಿಕೆಗೆ ಅವಳು ಒಬ್ಬ ಮುದುಕನ ಹೆಸರನ್ನು ತೆತ್ತಳು. ರಂಗಣ್ಣನ ಕಣ್ಣು ಹೋಗಿವೆ ಎಂಬ ಮಾತು ವಾರದ ಸಂತೆಯಲ್ಲಿ ಊರೂರಿಗೆ ಹಂಚಿಹೋಯಿತು. ಆಮೇಲೆ ಯಾರೂ ಅವನ ಕೈಗೆ ಹೊಸ್ತಿಲು ಕೊಟ್ಟಿಲ್ಲ. ಈಗ ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಕೂತು ಲಟ್ಟಣಿಗೆ, ಮಣೆ ಮಾಡುತ್ತಾನೆ. ಆರು ತಿಂಗಳ ನಂತರ ಸುಗಲಮ್ಮ ಹಟ ಹಿಡಿದು ಯಾದಗಿರಿಯಿಂದ ಮೂರು ಮೂಲೆಯ ಮಷಿನ್ ತರಿಸಿದಳು. ಅಂದಿನಿಂದ ಒಂದು ಮೂಲೆಯೂ ಕೆಟ್ಟಿಲ್ಲ. ಕೆಟ್ಟದ್ದು ಮಾತ್ರ ಹಾಗೇ ಇದೆ.

"ಮುಂಜಾನಿ ರಂಗಣ್ಣ ಕಾಕಾ ಬಂದು 'ಚಾ ಕುಡ್ದೇನವಾ?' ಅಂತಾನ್ರಿ. ಅದೊಂದು ಮಾತು ಕೇಳಾಕ ಆಗಂಗಿಲ್ಲ ನನಗ," ಎಂದು ಸುಗಲಮ್ಮ ದನಿ ತಗ್ಗಿಸಿ ಹೇಳುತ್ತಾ ಮೂಗಿನ ಟವೆಲ್ ಕೆಳಗೆಳೆಯುತ್ತಾಳೆ. "ಬೈದಿದ್ರ ಛಲೋ ಇತ್ತು."

ಪತ್ರಿಕೆಯವರು ಬಂದಿದ್ದಾರೆ, ಫೋಟೊ ತೆಗೆಯುತ್ತಾರೆ ಎಂದು ಭೀಮಾಶಂಕರ ಹುರುಪಿನಿಂದ ಓಡಾಡುತ್ತಿದ್ದಾನೆ. ಮಷಿನ್ ಹಿಡಿದು ನಿಲ್ಲು ಎಂದರೆ ಅವಳು ಅದರ ಸ್ವಿಚ್ಚು ಆರಿಸಿಬಿಡುತ್ತಾಳೆ. ಶೆಡ್ಡು ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಆ ತುದಿಗೂ ಕೇಳುವಂತೆ ಅವಳು ಹೇಳುತ್ತಾಳೆ: "ಭಾಗಮ್ಮಾರ ಹೊಸ್ತಲಾ ಕೆಡಿಸಿದಾಕಿ ನಾನು."

ರಂಗಣ್ಣನ ಕೈಯ ಲಟ್ಟಣಿಗೆ ನಿಲ್ಲುತ್ತದೆ.

"ಗೊತ್ತದ ಮಗಳ," ಎನ್ನುತ್ತಾನೆ ರಂಗಣ್ಣ. "ರಂದಾ ನೆಟ್ಟಗ ಹೋಗ್ತದ. ಅದು ಬಾಗಿದ ತಗ್ಗು ಹೆಂಗ ಬೀಳಸ್ತದ? ನಿನಗ ಆಗ ಮೂರೇ ತಿಂಗಳಾಗಿತ್ತು. ಬಿಡು ಈಗ."

ಸುಗಲಮ್ಮನ ಕಣ್ಣು ತುಂಬುತ್ತವೆ. ಬಿಡುವವಳಲ್ಲ. ಬರೆದುಕೊಳ್ಳುವವರ ಕಡೆ ತಿರುಗಿ, ಪುಡಿ ಮೆತ್ತಿದ ಬೆರಳಿಂದ ಅವರ ಪುಸ್ತಕವನ್ನೇ ತೋರಿಸುತ್ತಾಳೆ.

"ಭಾಗಮ್ಮಾರ ಮನಿಗಿ ಐತವಾರದ ಪೇಪರ್ ಬರ್ತದ್ರಿ. ಉಪ್ಪುಕಾಗದಾ ಹಿಡ್ಕೊಂಡು ಅವರ ಬಾಗಲಿಗಿ ನಾ ಹೋಗೇ ಹೋಗ್ತೀನಿ, ಕೈಲೇ ಉಜ್ಜಿ ಸಾಫ್ ಮಾಡ್ತೀನಿ ಅಂದ್ರ ಒಪ್ತಾರೋ ಇಲ್ಲೋ. ಆದ್ರ ಸಂತಿ ಮಂದಿಗೆಲ್ಲ ನಾ ಎಲ್ಲಿತನ ಹೇಳ್ಲಿ? ಫೋಟೊ ಕಾಕಾಂದು ಹಾಕ್ರಿ. ಕೆಳಗ ನನ್ನ ಹೆಸರು ದೊಡ್ಡದಾಗಿ ಬರೀರಿ. ತಪ್ಪು ಸುಗಲಮ್ಮಂದು, ರಂಗಣ್ಣನ ರಂದಾ ಅವತ್ತೂ ನೆಟ್ಟಗಿತ್ತು, ಇವತ್ತೂ ನೆಟ್ಟಗದ ಅಂತ."