ಬಿಗಿಯಣ್ಣ ಬಿಚ್ಚಿದ ಪಟ್ಟಿ

ಮೋಟಾರ್‌ಸೈಕಲ್ಲು ಇರುವುದೇ ಓಡಿಸಲಿಕ್ಕೆ, ಅದನ್ನು ಟ್ರೇಲರ್ ಮೇಲೆ ಹೇರಿಕೊಂಡು ಹೋಗುವುದು ಯಾತಕ್ಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಅಂಥವರನ್ನು ಕಂಡರೆ ಬಿಗಿಯಣ್ಣನಿಗೆ ಮೈ ಉರಿಯುತ್ತದೆ. ನಡುರಸ್ತೆಯಲ್ಲಿ ಕೆಟ್ಟು ನಿಂತದ್ದು ತಾನಾಗಿ ವರ್ಕ್‌ಶಾಪಿಗೆ ನಡೆದು ಬರುತ್ತದೆಯೇ? ಇಪ್ಪತ್ತೆರಡು ವರ್ಷದಿಂದ ಅವನ ಮನೆಯ ಒಲೆ ಉರಿದದ್ದು ಇಂಥ ನಡೆಯಲಾರದ ಗಾಡಿಗಳಿಂದಲೇ.

ಹೆಸರು ಬೇರೆ ಏನೋ ಇದೆ, ಅದನ್ನು ಬಳಸುವವರು ಬ್ಯಾಂಕಿನವರು ಮಾತ್ರ. ವರ್ಕ್‌ಶಾಪಿನ ಹುಡುಗರಿಂದ ಮಾಲೀಕರವರೆಗೆ ಎಲ್ಲರಿಗೂ ಅವನು ಬಿಗಿಯಣ್ಣ. ಅವನು ಕಟ್ಟಿದ ಗಾಡಿಯನ್ನು ಬಿಚ್ಚಬೇಕಾದರೆ ಅವನೇ ಬರಬೇಕು ಎಂದು ತಮಾಷೆ ಮಾಡುತ್ತಿದ್ದರು. ಒಂದು ಗಾಡಿಗೆ ನಾಲ್ಕು ಪಟ್ಟಿ, ಮುಂದೆ ಎರಡು, ಹಿಂದೆ ಎರಡು. ಪ್ರತಿ ಪಟ್ಟಿಗೂ ಕಟಕಟ ಎಂದು ಬಿಗಿಯುವ ಒಂದು ರಾಚೆಟ್ಟು. ಮುಂದಿನೆರಡನ್ನು ಎಳೆದಾಗ ಗಾಡಿಯ ಮುಂಗಾಲು, ಅಂದರೆ ಮುಂಚಕ್ರದ ಮೇಲಿನ ಸ್ಪ್ರಿಂಗು, ಅರ್ಧ ಕುಸಿಯಬೇಕು. ಪೂರ್ತಿ ಕುಸಿದರೆ ಒಳಗಿನ ಸೀಲು ಒಡೆದು ಎಣ್ಣೆ ಸೋರುತ್ತದೆ. ಕುಸಿಯದೇ ಹೋದರೆ ರಸ್ತೆಯ ಒಂದೇ ಹಂಪಿಗೆ ಗಾಡಿ ನೆಗೆದು ಕೊಕ್ಕೆ ಕಳಚಿಕೊಳ್ಳುತ್ತದೆ. ಆ ಅರ್ಧ ಎಂಬುದು ಎಷ್ಟು ಎಂದು ಕೇಳಿದರೆ, ಅದು ಕೈಗೆ ಗೊತ್ತಾಗುತ್ತದೆ ಎನ್ನುತ್ತಿದ್ದ.

ಕೈಗೆ ಗೊತ್ತಾಗಲು ಪಟ್ಟ ಪಾಡು ಕಡಿಮೆಯದಲ್ಲ. ಮೊದಮೊದಲು ಸೈಡ್ ಸ್ಟ್ಯಾಂಡ್ ಹಾಕಿಯೇ ಕಟ್ಟುತ್ತಿದ್ದ. ಒಂದು ಸಲ ಬಿಗಿದ ಬಿಗಿತಕ್ಕೆ ಸ್ಟ್ಯಾಂಡು ಟ್ರೇಲರಿನ ಹಲಗೆಯನ್ನೇ ತೂತು ಮಾಡಿ ಕೆಳಗಿಳಿಯಿತು. ಇನ್ನೊಂದು ಸಲ ಪಟ್ಟಿಯನ್ನು ಹ್ಯಾಂಡಲ್ಲಿಗೆ ಸುತ್ತಿದ್ದ. ಗಾಡಿಯವನು ಕೀಲಿ ತಿರುಗಿಸಿಟ್ಟೇ ಹೋಗಿದ್ದ, ಪಟ್ಟಿ ಹಾರ್ನಿನ ಗುಂಡಿಯ ಮೇಲೆ ಕೂತಿತು. ಪೇಟೆಯುದ್ದಕ್ಕೂ ಹಾರ್ನು ಬಾರಿಸಿಕೊಂಡು ಹೋದ ಬಿಗಿಯಣ್ಣ, ಹಿಂದಿನ ಕಾರಿನವನೇ ಬಡಿಯುತ್ತಿದ್ದಾನೆಂದು ಕಿಟಕಿಯಿಂದ ತಲೆ ಹೊರಹಾಕಿ ಅವನಿಗೆ ವಾಚಾಮಗೋಚರ ಬೈದಿದ್ದ. ಇದನ್ನು ಅವನೇ ಹೇಳಿಕೊಂಡು ನಗುತ್ತಿದ್ದ, ಯಾಕೆಂದರೆ ಕತೆಯ ಕೊನೆಗೆ ಒಂದು ಮಾತು ಸೇರಿಸಲು ಅವಕಾಶ ಸಿಗುತ್ತಿತ್ತು: ಇಷ್ಟೆಲ್ಲ ಆದರೂ ಒಂದು ಗಾಡಿಯೂ ಬಿದ್ದಿಲ್ಲ. ಆ ಮಾತು ಹೇಳುವಾಗ ಅವನ ಎದೆ ಒಂದಿಂಚು ಉಬ್ಬುತ್ತಿತ್ತು.

ಮೂರು ವರ್ಷದ ಹಿಂದೆ ಬಲಗೈಯ ಭುಜ ಕೈಕೊಟ್ಟಿತು. ಅದೇ ಹೊತ್ತಿಗೆ ಅವನ ಹೆಂಡತಿ ಹದಿನೆಂಟು ವರ್ಷ ಚಪ್ಪಲಿ ಹೊಲಿದ ಕಾರ್ಖಾನೆ ಬಾಗಿಲು ಹಾಕಿತು. ಒಬ್ಬರು ಕೈ ಎತ್ತಲಾರರು, ಇನ್ನೊಬ್ಬರ ಕೈಗೆ ಕೆಲಸವಿಲ್ಲ. ಒಂದು ವಾರ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಕೂತರು. ಎಂಟನೆಯ ದಿನ ಅವಳು ಟ್ರೇಲರ್ ಎಳೆಯುವ ವ್ಯಾನು ಹತ್ತಿ ಅವನ ಪಕ್ಕ ಕೂತಳು. ಚರ್ಮ ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ಎಳೆದರೆ ಕೂರುತ್ತದೆ ಎಂದು ಬಲ್ಲ ಬೆರಳುಗಳಿಗೆ ಪಟ್ಟಿಯ ಬಿಗಿ ತಿಳಿಯಲು ತಿಂಗಳು ಸಾಕಾಯಿತು. ಅವಳದೇ ಒಂದು ಕ್ರಮವೂ ಬಂತು. ಉಳಿದ ಪಟ್ಟಿಯ ತುದಿಯನ್ನು ಮಡಚಿ, ರಾಚೆಟ್ಟಿನ ಸಂದಿಗೆ ಚೊಕ್ಕವಾಗಿ ಸಿಕ್ಕಿಸುತ್ತಿದ್ದಳು. ವಾರಕ್ಕೊಮ್ಮೆ ಪಟ್ಟಿಗಳನ್ನು ಒಗೆದು ಬಾಲ್ಕನಿಯಲ್ಲಿ ಬಟ್ಟೆಗಳ ನಡುವೆ ಒಣಹಾಕುತ್ತಿದ್ದಳು. ವರ್ಕ್‌ಶಾಪಿನವರೆಲ್ಲ ಅತ್ತಿಗೆ ಅತ್ತಿಗೆ ಎಂದು ಮಾತಾಡಿಸುತ್ತಿದ್ದರು, ಆದರೆ ಗಾಡಿ ಹೊರಡುವ ಮುಂಚೆ ಅವರ ಕಣ್ಣು ಬಿಗಿಯಣ್ಣನ ಕಡೆಗೆ ತಿರುಗುತ್ತಿತ್ತು.

ಬಿಗಿಯಣ್ಣನಾದರೂ ಸುಮ್ಮನಿದ್ದನೇ? ಅವಳು ನಾಲ್ಕು ಪಟ್ಟಿ ಕಟ್ಟಿ ಮುಗಿಸಿದ ಮೇಲೆ ಒಂದು ಸುತ್ತು ಬರುತ್ತಿದ್ದ. ಯಾವುದಾದರೂ ಒಂದನ್ನು ಬಿಚ್ಚಿ, ಎಡಗೈಯಲ್ಲಿ ತಾನೇ ಮತ್ತೆ ಬಿಗಿಯುತ್ತಿದ್ದ. ಸಡಿಲವಾಗಿತ್ತೆಂದಲ್ಲ, ಕೈ ಕೇಳುತ್ತಿರಲಿಲ್ಲ. ಬಿಚ್ಚೋದೇ ಆದ್ರೆ ನಾನು ಕಟ್ಟೋದ್ಯಾಕೆ ಎಂದು ಅವಳು ಒಮ್ಮೆ ಕೇಳಿದ್ದಳು. ಅವನು ನಕ್ಕಿದ್ದ.

ಈ ವರ್ಷ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮುಂದಿನ ತಿಂಗಳು ಭುಜ ಕೊಯ್ದು ಆಪರೇಷನ್ ಮಾಡಬೇಕು, ಆಮೇಲೆ ಈ ಕೆಲಸದ ಮಾತೇ ಬೇಡ. ಅಂದರೆ ಟ್ರೇಲರು ಇನ್ನು ಪೂರ್ತಿ ಹೆಂಡತಿಯದು. ಅವಳ ಕೈಯನ್ನು ನಂಬಿ ವರ್ಕ್‌ಶಾಪಿನವರು ಗಾಡಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಅವಳಿಗೆ ಭಯವಿರಲಿಲ್ಲ. ವ್ಯಾನಿನ ಬಾಗಿಲಿನ ಮೇಲೆ ತನ್ನ ಫೋನ್ ನಂಬರನ್ನೂ ಬರೆಸಬೇಕೆಂದು ಮಾತಾಡತೊಡಗಿದ್ದಳು.

ಆಗಲೇ ಬೇಕರಿಯವರ ಗಾಡಿ ಬಂತು. ಬೇಕರಿಯವರೆಂದರೆ ಪೇಟೆಯ ಮೂಲೆಯಲ್ಲಿ ಬ್ರೆಡ್ಡು ಬೇಯಿಸುವ ದೊಡ್ಡ ಮನುಷ್ಯರು. ಐವತ್ತು ವರ್ಷದ ಹಳೆಯ ಮೋಟಾರ್‌ಸೈಕಲ್ಲನ್ನು ಪೇಂಟರಿನ ಶೆಡ್ಡಿಗೆ ಕೊಟ್ಟಿದ್ದರು. ಪೇಂಟರು ಎರಡು ತಿಂಗಳು ಕೂತು ಟ್ಯಾಂಕಿನ ಮೇಲೆ ಕೂದಲೆಳೆಯಂಥ ಚಿನ್ನದ ಗೆರೆಗಳನ್ನು ಕೈಯಲ್ಲೇ ಎಳೆದಿದ್ದ. ಅದನ್ನು ಮನೆ ಸೇರಿಸುವುದು ಇವರ ಕೆಲಸ.

ಶೆಡ್ಡಿನ ಮುಂದೆ ಅವಳು ನಾಲ್ಕು ಪಟ್ಟಿ ಕಟ್ಟಿ, ತುದಿ ಸಿಕ್ಕಿಸಿ, ಕೈ ಒರೆಸಿಕೊಳ್ಳಲು ಹೋದಳು. ಬಿಗಿಯಣ್ಣ ವಾಡಿಕೆಯಂತೆ ಸುತ್ತು ಬಂದ. ಮುಂದಿನ ಎಡಗಡೆಯ ಪಟ್ಟಿಯನ್ನು ಬಿಚ್ಚಿದ. ಮತ್ತೆ ರಾಚೆಟ್ಟಿಗೆ ಪೋಣಿಸಿ ಕೈಯಲ್ಲೇ ಎರಡು ಸುತ್ತು ಸುತ್ತಿದ್ದ, ಅಷ್ಟರಲ್ಲಿ ಗಾಡಿ ನೋಡಲು ಬಂದಿದ್ದ ಬೇಕರಿಯವರು ಹತ್ತಿರ ಬಂದು, ಗಾಡಿ ಜೋಪಾನ ತಾನೇ ಎಂದು ಕೇಳಿದರು. ಕೇಳಬಾರದಿತ್ತು. ಬಿಗಿಯಣ್ಣ ಸೊಂಟದ ಮೇಲೆ ಕೈಯಿಟ್ಟು ಇಪ್ಪತ್ತೆರಡು ವರ್ಷದ ಪುರಾಣ ಬಿಚ್ಚಿದ. ಹಲಗೆ ತೂತಾದದ್ದು, ಹಾರ್ನು ಬಡಿದುಕೊಂಡದ್ದು, ಒಂದೂ ಬೀಳದೇ ಇದ್ದದ್ದು. ಬೇಕರಿಯವರು ಬಿದ್ದು ಬಿದ್ದು ನಕ್ಕರು. ಅವನೂ ನಗುತ್ತಲೇ ವ್ಯಾನು ಹತ್ತಿದ. ಪಟ್ಟಿ ನೋಡಿದವರಿಗೆ ಕಟ್ಟಿದಂತೆಯೇ ಕಾಣುತ್ತಿತ್ತು, ಬಿಗಿದಿರಲಿಲ್ಲ.

ಎರಡನೆಯ ಹಂಪಿನಲ್ಲಿ ಗಾಡಿ ನೆಗೆಯಿತು. ಮೂರನೆಯದರಲ್ಲಿ ಮಗ್ಗುಲಿಗೆ ವಾಲಿ ಟ್ರೇಲರಿನ ಕಬ್ಬಿಣದ ಅಂಚಿಗೆ ಟ್ಯಾಂಕು ಬಡಿಯಿತು. ಹಿಂದೆ ಕಾರಿನಲ್ಲಿ ಬರುತ್ತಿದ್ದ ಬೇಕರಿಯವರು ಕಣ್ಣಾರೆ ಕಂಡರು. ಎಲ್ಲರೂ ಇಳಿದರು. ಚಿನ್ನದ ಗೆರೆಗಳ ನಡುವೆ ಅಂಗೈಯಗಲ ತಗ್ಗು ಬಿದ್ದಿತ್ತು, ಎಡಗಡೆಯ ಪಟ್ಟಿ ಜೋತಾಡುತ್ತಿತ್ತು. ಬೇಕರಿಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ಕಟ್ಟಿದ್ದು ಯಾರು ಎಂದು ಕೇಳಿದರು.

"ನಾನೇ," ಎಂದಳು ಅವಳು. ಆಮೇಲೆ ಗಂಡನ ಮುಖ ನೋಡಿದಳು.

ಬಿಗಿಯಣ್ಣನಿಗೆ ಆ ಕ್ಷಣಕ್ಕೇ ಎಲ್ಲ ನೆನಪಾಗಿತ್ತು. ಎಡಗೈ, ಎರಡು ಸುತ್ತು, ಬೇಕರಿಯವರ ನಗು. ಬಾಯಿ ತೆರೆದ. ಒಂದೂ ಬೀಳದ ಇಪ್ಪತ್ತೆರಡು ವರ್ಷ ಮಾತಿಗೆ ಅಡ್ಡ ಬಂತು.

"ಇನ್ನೂ ಕಲೀತಿದಾಳೆ ಸಾರ್," ಎಂದ.

ಮೂರು ವರ್ಷದಲ್ಲಿ ಸಾವಿರ ಪಟ್ಟಿ ಕಟ್ಟಿದವಳು ಗಾಡಿಯನ್ನು ನೆಟ್ಟಗೆ ಮಾಡಿ ಹೊಸದಾಗಿ ಕಟ್ಟಿದಳು. ಅವತ್ತು ಅವನು ಸುತ್ತು ಬರಲಿಲ್ಲ.

ಸುದ್ದಿಗೆ ಕಾಲು ಬಂತು. ವರ್ಕ್‌ಶಾಪಿನವರು ಒಬ್ಬೊಬ್ಬರೇ ಫೋನು ಮಾಡಿ, ಗಾಡಿ ಕಳಿಸ್ತೀವಿ, ಆದರೆ ಕಟ್ಟೋದು ಅಣ್ಣನೇ ತಾನೇ ಎಂದು ಕೇಳತೊಡಗಿದರು. ಅವಳು ಹೌದು ಎಂದು ಹೇಳಿ ಫೋನಿಡುತ್ತಿದ್ದಳು. ಗಾಡಿ ಹೇರಲು ಹೋದಲ್ಲಿ ಪಟ್ಟಿಗಳನ್ನು ತಂದು ಅವನ ಕಾಲ ಬಳಿ ಹಾಕಿ ದೂರ ನಿಲ್ಲುತ್ತಿದ್ದಳು. ನೀನೇ ಕಟ್ಟು ಎಂದು ಅವನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಅವನು ಒಂದು ಗಾಡಿ ಕಟ್ಟುವಷ್ಟರಲ್ಲಿ ನೋವಿಗೆ ಬೆವತು ನೀರಾಗುತ್ತಿದ್ದ. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ತನ್ನ ಹೆಮ್ಮೆಗೆ ಅವಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ಕೂತಲ್ಲಿ ನಿಂತಲ್ಲಿ ಕೊರಗಿದ. ಅವಳು ಬಾಗಿಲಿಗೆ ನಂಬರು ಬರೆಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಹನ್ನೆರಡನೆಯ ದಿನ ಅವಳನ್ನೂ ಕರೆದುಕೊಂಡು ಬೇಕರಿಗೆ ಹೋದ. ಬಿಸಿ ತಟ್ಟೆಗಳ ನಡುವೆ, ಗಿರಾಕಿಗಳ ಎದುರಿಗೇ, ಆ ಪಟ್ಟಿ ಬಿಚ್ಚಿದ್ದು ನಾನು, ಬಿಗಿಯದೆ ಬಿಟ್ಟಿದ್ದೂ ನಾನು ಎಂದು ಹೇಳಿದ. ಬೇಕರಿಯವರು ಅವನನ್ನು ನೋಡಿದರು, ಅವಳನ್ನು ನೋಡಿದರು. ಕೈಯ ಹಿಟ್ಟು ಒರೆಸಿಕೊಂಡು ಅವನ ಬೆನ್ನು ತಟ್ಟಿದರು. ಹೆಂಡತಿಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವ ಗಂಡಸರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಗಿರಾಕಿಗಳಿಗೂ ಕೇಳುವಂತೆ ಹೇಳಿದರು. ಅವನು ಆಣೆ ಮಾಡಿದ. ಆಣೆ ಮಾಡಿದಷ್ಟೂ ಅವರ ಕಣ್ಣಲ್ಲಿ ದೊಡ್ಡವನಾಗುತ್ತಾ ಹೋದ. ಕೊನೆಗೆ ಅವರು ಒಂದು ಡಬ್ಬಿ ಬಿಸ್ಕತ್ತು ಕಟ್ಟಿ ಅವಳ ಕೈಗಿತ್ತು, ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದರು.

ವ್ಯಾನಿನಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಅವತ್ತು ರಸ್ತೇಲೇ ಹೇಳಿದ್ರೆ ನಂಬ್ತಿದ್ರು," ಎಂದಳು. "ನೀವು ಹೇಳ್ತೀರಿ ಅಂತ ನಾನೂ ಕಾಯ್ತಾ ನಿಂತಿದ್ದೆ."

ಕಣ್ಣು ತುಂಬಿ ಬಂತು, ಅದನ್ನು ಮರೆಮಾಡಲು ಕಿಟಕಿಯ ಕಡೆ ತಿರುಗಿದ. ಅತ್ತ ನೋಡುತ್ತಲೇ, ನಾಳೆಯಿಂದ ನೀನು ಕಟ್ಟದಿದ್ದರೆ ಗಾಡಿ ಎತ್ತುವುದಿಲ್ಲ, ನಾನು ವ್ಯಾನಿನಿಂದ ಕೆಳಗೆ ಇಳಿಯುವುದೂ ಇಲ್ಲ ಎಂದ.

ಮರುದಿನ ಅದೇ ಪೇಂಟರಿನ ಶೆಡ್ಡಿನಿಂದ ಇನ್ನೊಂದು ಗಾಡಿ ಹೊರಡಬೇಕಿತ್ತು. ಐದಾರು ಮೆಕ್ಯಾನಿಕ್ಕುಗಳೂ ಅಲ್ಲಿದ್ದರು. ಬಿಗಿಯಣ್ಣ ಸೀಟಿನಿಂದ ಅಲುಗಾಡಲಿಲ್ಲ. ಅವಳು ಹೊರಗೆ ಪಟ್ಟಿಗಳನ್ನು ಹಿಡಿದು ಒಂದಿಷ್ಟು ಹೊತ್ತು ನಿಂತಳು, ಆಮೇಲೆ ಗಾಡಿಯ ಬಳಿ ಬಗ್ಗಿದಳು. ರಾಚೆಟ್ಟಿನ ಸದ್ದು ಶುರುವಾಯಿತು. ಎದ್ದು ಹೋಗಿ ನೋಡಬೇಕೆಂದು ಅವನ ಮೈಯೆಲ್ಲ ತುಡಿಯಿತು. ಎಡಗೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತ. ಪೇಂಟರು ಕಿಟಕಿಗೆ ಬಂದು, ಅಣ್ಣ ಒಂದ್ಸಲ ನೋಡಿಬಿಡಿ, ಕಳೆದ ಸಲ ಆದ ಹಾಗೆ ಆಗಬಾರದು ಎಂದ. ಮೆಕ್ಯಾನಿಕ್ಕುಗಳೂ ಕಿವಿ ನಿಮಿರಿಸಿದರು.

"ಅವಳು ಕಟ್ಟಿದ್ದನ್ನ ನಾನು ನೋಡೋಕೆ ಹೋಗಿದ್ದಕ್ಕೇ ಕಣಪ್ಪಾ," ಎಂದ ಬಿಗಿಯಣ್ಣ, ಶೆಡ್ಡಿನ ಕೊನೆಗೂ ಕೇಳುವಂತೆ, "ಕಳೆದ ಸಲ ಬಿದ್ದಿದ್ದು."