ನಾಯಿಯ ಆಕಳಿಕೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ನನಗೆ ಗೊತ್ತಿಲ್ಲದ್ದು ಕಡಿಮೆ ಎಂದು ನಿವೃತ್ತಳಾದ ಮೇಲೂ ನಂಬಿದ್ದೆ. ನಮ್ಮ ನಾಯಿಯ ವಿಷಯದಲ್ಲಂತೂ ಆ ನಂಬಿಕೆ ತುಸು ಹೆಚ್ಚೇ ಇತ್ತು.

ಬಜಪೆಯ ನಮ್ಮ ಮನೆಗೆ ಅದು ಮರಿಯಾಗಿ ಬಂದಾಗ ನನ್ನ ಗಂಡ ಇನ್ನೂ ಗಲ್ಫಿನಲ್ಲಿದ್ದರು. ನಾಲ್ಕು ವರ್ಷ ಅದನ್ನು ಸಾಕಿದ್ದು ನಾನೊಬ್ಬಳೇ. ಬಂಗುಡೆ ಮೀನು ತಂದ ದಿನ ಮುಳ್ಳು ತೆಗೆದು ಅದರ ಅನ್ನಕ್ಕೆ ಕಲಸಿಯೇ ನಾನು ಊಟಕ್ಕೆ ಕೂರುತ್ತಿದ್ದೆ. ನಮ್ಮ ಕಡೆಯ ಕ್ರಮದಂತೆ ಹಗಲು ಸಂಕಲೆಯಲ್ಲಿ ಕಟ್ಟುವುದು, ರಾತ್ರಿ ಬಿಡುವುದು. ಬೆಳಿಗ್ಗೆ ಸಂಕಲೆ ಹಿಡಿದು ಬಂದರೆ ಅದು ಬಾಯಿ ಅಗಲಿಸಿ ಆಕಳಿಸುತ್ತಿತ್ತು. "ರಾತ್ರಿಯಿಡೀ ಕಂಪೌಂಡ್ ಸುತ್ತಿ ಈಗ ನಿದ್ದೆಯಾ, ಸೋಮಾರಿ" ಎಂದು ಬೈಯುತ್ತಿದ್ದೆ. ಬಂದ ನೆಂಟರಿಗೂ ಅದನ್ನೇ ಹೇಳಿ ನಗಿಸುತ್ತಿದ್ದೆ.

ಗಂಡ ಗಲ್ಫ್ ಬಿಟ್ಟು ಬಂದ ಮೇಲೆ ತಕರಾರು ಶುರುವಾಯಿತು. ಬೆಳಿಗ್ಗೆ ಅವರು ಜಗಲಿಯಲ್ಲಿ ಪೇಪರ್ ಓದುತ್ತಿರುವಾಗ ನಾಯಿ ಗುರ್ ಎನ್ನತೊಡಗಿತು. ಒಂದು ದಿನ ಹಲ್ಲೂ ತೋರಿಸಿತು.

"ಇದು ಒಂದು ದಿನ ಕಚ್ತದೆ ಮಾರಾಯ್ತಿ. ಅಕ್ಕನ ಮನೆಗೆ ಕಳಿಸುವ. ಅಲ್ಲಿ ಜಾಗ ಉಂಟು," ಎಂದರು.

"ನೀವು ಅದಕ್ಕೆ ಹೊಸಬರು. ನಿಮ್ಮನ್ನು ಕಂಡ್ರೆ ಆಗುದಿಲ್ಲ, ಅಷ್ಟೇ. ಅದರದ್ದೆಂತ ತಪ್ಪು?"

ಹಾಗೆ ಹೇಳಿದರೂ ಅವರು ಕಳಿಸಿಯೇಬಿಟ್ಟಾರು ಎಂಬ ಹೆದರಿಕೆ. ಅವರಿಲ್ಲದ ವರ್ಷಗಳಲ್ಲಿ ಮನೆಯೊಳಗೆ ನನ್ನ ಮಾತು ಕೇಳಲು ಇದ್ದದ್ದು ಆ ನಾಯಿಯೊಂದೇ. ಅದನ್ನು ಕಳಿಸಿ ನಾನು ಇರಲಾರೆ.

ತಪ್ಪು ಗಂಡನದೇ ಎಂದು ಸಾಬೀತು ಮಾಡಲು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಸಿದೆ. ನಾಯಿಗಳ ವರ್ತನೆ ಅವಳ ಸಂಶೋಧನೆಯ ವಿಷಯ. ಬಂದರಿನ ಮೀನು ಮಾರ್ಕೆಟಿನ ನಾಯಿಗಳ ಹಿಂದೆ ನೋಟ್‌ಬುಕ್ ಹಿಡಿದು ಅಲೆಯುತ್ತಾಳೆ. ಅವಳು ಜಗಲಿಯ ಕಂಬಕ್ಕೆ ಸಣ್ಣ ಕ್ಯಾಮೆರಾ ಕಟ್ಟಿದಳು. ನಾಯಿ ಏನೇನು ಮಾಡುತ್ತದೆಂದು ದಿನವೂ ಬರೆಯಲು ನನಗೊಂದು ಹಾಳೆ ಕೊಟ್ಟಳು.

ವಾರ ಬಿಟ್ಟು ಬಂದು ಹಾಳೆ ಓದಿದಳು. 'ಸೋಮಾರಿತನ', 'ಗಂಡನ ಮೇಲೆ ಸಿಟ್ಟು', 'ನನ್ನನ್ನು ಕಂಡು ನೆಮ್ಮದಿ' ಎಂದೆಲ್ಲ ತುಂಬಿಸಿದ್ದೆ.

"ಟೀಚರ್, ಇದೆಲ್ಲ ತೀರ್ಮಾನ. ಕಣ್ಣಿಗೆ ಕಂಡದ್ದು ಎಲ್ಲುಂಟು?"

ಪ್ರಯೋಗದ ಪುಸ್ತಕದಲ್ಲಿ ವೀಕ್ಷಣೆಯ ಜಾಗದಲ್ಲಿ ತೀರ್ಮಾನ ಬರೆದ ಮಕ್ಕಳಿಗೆ ಕೆಂಪು ಗೆರೆ ಎಳೆಯುತ್ತಿದ್ದವಳು ನಾನೇ. ಮುಖ ಬಿಸಿಯಾಯಿತು.

ಅವಳು ಕ್ಯಾಮೆರಾದ ವೀಡಿಯೊವನ್ನು ಧ್ವನಿಯಿಲ್ಲದೆ ತೋರಿಸಿದಳು. ಗಂಡ ಪೇಪರ್ ಓದುತ್ತಿದ್ದರು. ನಾಯಿ ಅವರ ಪಾದಕ್ಕೆ ಒರಗಿ ಮಲಗಿತ್ತು. ಅವರ ಕುರ್ಚಿಯ ಹಿಂದಿನ ಬಾಗಿಲಲ್ಲಿ ಸಂಕಲೆ ಹಿಡಿದ ನಾನು ಕಾಣಿಸಿಕೊಂಡೆ. ನಾಯಿಯ ಕಿವಿ ಹಿಂದಕ್ಕೆ ಹೋಯಿತು. ಮೂಗು ನೆಕ್ಕಿಕೊಂಡಿತು, ಆಕಳಿಸಿತು, ಮುಖ ತಿರುಗಿಸಿತು. ನಾನು ಬಗ್ಗಿ ಕೊರಳಪಟ್ಟಿ ಎಳೆದಾಗ ತುಟಿ ಮೇಲೆದ್ದಿತು. ಅದು ನೋಡುತ್ತಿದ್ದುದು ಗಂಡನನ್ನಲ್ಲ, ನನ್ನನ್ನು. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಗಂಡನ ಎಲೆಯ ನೊಣ ಹುಡುಕುತ್ತಿದ್ದೆ.

"ಆಕಳಿಕೆ ನಿದ್ದೆಗೇ ಬರ್ಬೇಕು ಅಂತ ಇಲ್ಲ ಟೀಚರ್. ಒಳಗೆ ಒತ್ತಡ ಆದಾಗಲೂ ಬರ್ತದೆ. ಆಕಳಿಕೆ ಒಂದನ್ನೇ ನೋಡಿ ಹೇಳ್ಲಿಕ್ಕಾಗುದಿಲ್ಲ. ಕಿವಿ, ನಾಲಗೆ, ಮುಖ ಎಲ್ಲ ಒಟ್ಟಿಗೆ ನೋಡ್ಬೇಕು."

"ನಿನ್ಗೆ ಆಕಳಿಕೆ ಮೇಲೆ ಕಣ್ಣು ಹೋದದ್ದು ಹೇಗೆ ಮಗಾ?"

ಅವಳು ಸಣ್ಣಗೆ ನಕ್ಕಳು. "ಎಂಟನೇ ಕ್ಲಾಸಲ್ಲಿ ಆಕಳಿಸಿದ್ದಕ್ಕೆ ನೀವು ನನ್ನನ್ನು ಹೊರಗೆ ನಿಲ್ಲಿಸಿದ್ರಿ. ನಿದ್ದೆ ಬಂದಿರ್ಲಿಲ್ಲ ಟೀಚರ್."

ನನಗೆ ಆ ದಿನ ನೆನಪೇ ಇರಲಿಲ್ಲ. ಎಷ್ಟು ಮಕ್ಕಳನ್ನು ಹಾಗೆ ನಿಲ್ಲಿಸಿದ್ದೆನೋ. ನಾಚಿಕೆಯಾಯಿತು. "ತಪ್ಪಾಯ್ತು" ಎಂದೆ. ಅವಳು "ಚಾ ಕೊಡಿ ಟೀಚರ್" ಎಂದು ಮಾತು ತೇಲಿಸಿದಳು.

ಅವಳು ಹೋದ ಮೇಲೆ ಗಂಡನಿಗೆ ನಾನೇ ಹೇಳಿದೆ: "ಅಕ್ಕನಿಗೆ ಫೋನ್ ಮಾಡಿ."

"ಎಂತಕ್ಕೆ? ಅದಕ್ಕೆ ನನ್ನ ಮೇಲೆ ಸಿಟ್ಟಿಲ್ಲ ಅಂತ ಆಯ್ತಲ್ಲ."

"ನನ್ನ ಹೆದರಿಕೆ ಉಂಟಲ್ಲ. ಅಲ್ಲಾದ್ರೂ ಸುಖವಾಗಿ ಇರ್ಲಿ."

ಗಂಡ ಪೇಪರ್ ಮಡಚಿದರು. "ಆ ಸಂಕಲೆಯನ್ನು ಗುಜರಿಗೆ ಹಾಕು ಮಾರಾಯ್ತಿ. ಗೇಟು ಮುಚ್ಚಿದ್ರೆ ಸಾಕು."

ಈಗ ಬೆಳಿಗ್ಗೆ ನಾನು ಬರಿಗೈಯಲ್ಲಿ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ, ಬಾಯಿ ಮುಚ್ಚಿಕೊಂಡು. ನನ್ನಂಥವಳಿಗೆ ಅದು ಸುಲಭವಲ್ಲ. ನಾಯಿ ಮೊದಲು ಗಂಡನ ಹತ್ತಿರ ಹೋಗುತ್ತದೆ. ಕೆಲವು ದಿನ ಅಲ್ಲಿಂದ ಎದ್ದು ನನ್ನ ಪಕ್ಕಕ್ಕೂ ಬರುತ್ತದೆ. ಬಾರದ ದಿನ ನಾನು ಕರೆಯುವುದಿಲ್ಲ.