ಎಂಟರಿಂದ ಭಾಗಿಸುವ ಚಂದ್ರಪ್ಪನವರು

ದೇಶದ ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಂದ್ರಪ್ಪನವರು ಮನೆಗೆ ಇಂಟರ್ನೆಟ್ ಹಾಕಿಸಿದ್ದೇ ತಡ, ಅವರ ಹೆಂಡತಿ ಉಷಾಗೆ ತಲೆನೋವು ಶುರುವಾಯಿತು. ನೂರು ಮೆಗಾಬಿಟ್ ವೇಗ ಅಂತ ನಂಬಿ ಹಾಕಿಸಿಕೊಂಡದ್ದು. ಸಿನಿಮಾ ಇಳಿಸಲು ಕೂತರೆ ಸೆಕೆಂಡಿಗೆ ಹನ್ನೆರಡು ಮೆಗಾಬೈಟ್ ದಾಟಲೊಲ್ಲದು. "ಹಗಲು ದರೋಡೆ!" ಎಂದು ಚಂದ್ರಪ್ಪ ಫೋನಿನಲ್ಲಿ ಹರಿಹಾಯ್ದರು. ಕಸ್ಟಮರ್ ಕೇರಿನ ಹುಡುಗಿ ಪಾಪ, ತಾಳ್ಮೆಯಿಂದ ಬಿಡಿಸಿ ಹೇಳಿದಳು. ವೇಗ ಹೇಳುವುದು ಬಿಟ್ಟಿನಲ್ಲಿ, ಫೈಲಿನ ಗಾತ್ರ ಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ನೂರನ್ನು ಎಂಟರಿಂದ ಭಾಗಿಸಿ, ಸರ್.

ಅಷ್ಟೇ ನೋಡಿ, ಚಂದ್ರಪ್ಪನವರಿಗೆ ಜ್ಞಾನೋದಯವಾಗಿಬಿಟ್ಟಿತು! ಅಂದಿನಿಂದ ಕಂಡದ್ದನ್ನೆಲ್ಲ ಎಂಟರಿಂದ ಭಾಗಿಸಿದರು. ತರಕಾರಿ ಭಯ್ಯಾನನ್ನೂ ಬಿಡಲಿಲ್ಲ. ಆಧಾ ಪಾವ್, ಅಂದರೆ ನೂರಿಪ್ಪತ್ತೈದು ಗ್ರಾಂ, ಹಸಿಮೆಣಸಿನಕಾಯಿ ಎಂಟು ಸಲ ತೂಗಿದರೆ ಒಂದು ಕಿಲೋ ತಾನೇ? ಹಾಗೇ ಬಿಟ್ಟು, ಹಾಗೇ ಬೈಟು! ಭಯ್ಯಾ "ಅಚ್ಛಾ ಜೀ, ಅಚ್ಛಾ ಜೀ" ಎನ್ನುತ್ತಾ ಪುಕ್ಕಟೆ ಕೊತ್ತಂಬರಿ ಹಾಕುವುದನ್ನೇ ಮರೆತ. "ಪಪ್ಪಾ, ಬಸ್ ಕರೋ, ಸಾಕು! ನನ್ನ ಫ್ರೆಂಡ್ಸ್ ಮುಂದೆ ಮಾತ್ರ ಬೇಡ, ಪ್ಲೀಸ್" ಎಂದು ಮಗಳು ಗಾನವಿ ಕೈಮುಗಿದಳು.

ಇಷ್ಟಿದ್ದರೂ ಈ ಲೆಕ್ಕ ಅವರ ಎರಡನೆಯ ಹುಚ್ಚು. ಮೊದಲನೆಯದು ಹಾಡು. ಕಾಲೊನಿಯ ಕನ್ನಡಿಗರ ರಾಜ್ಯೋತ್ಸವದಲ್ಲಿ ವೇದಿಕೆ ಹತ್ತಿ ಹಾಡಬೇಕು, ಜೀವಮಾನದಲ್ಲಿ ಒಂದೇ ಒಂದು ಸಲ. ಕಾರ್ಯದರ್ಶಿ ಹೃಷಿಕೇಶ್ ಪ್ರತಿವರ್ಷ "ಈ ಸಲ ಟೈಮಿಲ್ಲ ಸರ್" ಎಂದು ಜಾರಿಕೊಳ್ಳುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ಚಂದ್ರಪ್ಪನವರ ಶ್ರುತಿ ಒಂದು ಊರಿಗೆ ಹೋದರೆ ತಾಳ ಇನ್ನೊಂದು ಊರಿಗೆ. "ಅಕ್ಕಪಕ್ಕದವರು ಏನೋ ಆಯ್ತು ಅಂದುಕೊಂಡಾರು, ಮೆಲ್ಲಗೆ!" ಎಂದು ಬಚ್ಚಲಮನೆಯ ಬಾಗಿಲು ಬಡಿಯುತ್ತಿದ್ದವಳೇ ಉಷಾ. ಆದರೂ ವರ್ಷವರ್ಷ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೋಗಿ, ಹಾಡದೆ ಬಂದು ಮಲಗುವ ಗಂಡನನ್ನು ಕಂಡು, ಆ ಜುಬ್ಬಾವನ್ನು ಮುಂದಿನ ವರ್ಷಕ್ಕೆಂದು ಅವಳೇ ಜೋಪಾನವಾಗಿ ಮಡಿಸಿಡುತ್ತಿದ್ದಳು.

ಈ ವರ್ಷ ಮಕ್ಕಳ ನಾಟಕದ ವಿಡಿಯೋವನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಅದನ್ನು ತರಬೇಕಾದ ಪ್ರಜ್ವಲ್ ಗುರುಗ್ರಾಮದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಲಿಂಕ್ ಮಾತ್ರ ಕಳಿಸಿದ. ಸಭಾಂಗಣದಲ್ಲೂ ಅದೇ ನೂರು ಮೆಗಾಬಿಟ್ಟಿನ ಇಂಟರ್ನೆಟ್; ಚಂದ್ರಪ್ಪನವರ ಲ್ಯಾಪ್‌ಟಾಪಿನಲ್ಲಿ ಫೈಲು ಇಳಿಯತೊಡಗಿತು. ಮೂರು ಸಾವಿರ ಮೆಗಾಬೈಟಿನ ಫೈಲು, ಸೆಕೆಂಡಿಗೆ ಹನ್ನೆರಡು.

"ಎಷ್ಟು ಹೊತ್ತು ಸರ್?" ಹೃಷಿಕೇಶ್ ಬೆವರುತ್ತಿದ್ದರು.

"ಹನ್ನೆರಡನ್ನು ಎಂಟರಿಂದ ಭಾಗಿಸಿದರೆ ಒಂದೂವರೆ. ಅರ್ಧ ಗಂಟೆಯ ಮೇಲಾಗುತ್ತೆ."

ಅಯ್ಯೋ ಪುಣ್ಯಾತ್ಮ! ಆ ಹನ್ನೆರಡು ಆಗಲೇ ಬೈಟಿನಲ್ಲಿತ್ತು, ಮತ್ತೆ ಭಾಗಿಸುವಂಥದ್ದು ಏನೂ ಇರಲಿಲ್ಲ. ಇನ್ನು ನಾಲ್ಕೇ ನಿಮಿಷ ಎಂದು ಕಂಪ್ಯೂಟರು ತಾನೇ ಹೇಳುತ್ತಿತ್ತು. "ಅದಕ್ಕೇನು ಗೊತ್ತು?" ಎಂದರು ಚಂದ್ರಪ್ಪ. ಅವರ ಮುಖದಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ, ಲೆಕ್ಕವನ್ನು ನಿಜವಾಗಿಯೂ ನಂಬಿದ್ದರು.

"ಅರ್ಧ ಗಂಟೆ ಜನರನ್ನು ಹೇಗೆ ಕೂರಿಸೋದು?" ಎಂದು ಹೃಷಿಕೇಶ್ ತಲೆ ಮೇಲೆ ಕೈಹೊತ್ತರು.

"ನಾನು... ಹಾಡಲಾ?"

ಬೇರೆ ದಾರಿಯೇ ಇರಲಿಲ್ಲ. ಉಷಾಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಜುಬ್ಬಾ ನೇವರಿಸಿಕೊಂಡು ಚಂದ್ರಪ್ಪ ಮೈಕು ಹಿಡಿದರು. ಹಾಡಿದರು ಸ್ವಾಮಿ, ಕಣ್ಣುಮುಚ್ಚಿ ಹಾಡಿದರು! ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಯ ಯಂತ್ರ ತೆಗೆದು ಪರ್ಸಿಗೆ ಹಾಕಿಕೊಂಡರು.

ಮೊದಲ ಹಾಡು ಮುಗಿಯುವ ಮುಂಚೆಯೇ ಫೈಲು ಪೂರ್ತಿ ಇಳಿದಿತ್ತು. ಉಷಾ ನೋಡಿದಳು. ಕೈ ಎತ್ತಿದರೆ ಸಾಕು, ಸಭೆಗೆ ಬಿಡುಗಡೆ. ಎತ್ತಬೇಕೆಂದೇ ತಲೆಯೆತ್ತಿದಳು. ವೇದಿಕೆಯ ಮೇಲೆ ಗಂಡ ಕಣ್ಣು ತೆರೆದಿದ್ದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮುಖ ಅಷ್ಟು ಸುಖವಾಗಿದ್ದುದನ್ನು ಅವಳು ಕಂಡಿರಲಿಲ್ಲ.

"ಮೇಡಂ, ಎಲ್ಲಿಗೆ ಬಂತು?" ಹೃಷಿಕೇಶ್ ಅಳುವ ದನಿಯಲ್ಲಿ ಓಡಿಬಂದರು.

ಉಷಾ ಶಾಲು ತೆಗೆದು ಲ್ಯಾಪ್‌ಟಾಪಿನ ಮೇಲೆ ಹೊದಿಸಿದಳು.

"ಇಳೀತಾ ಇದೆ, ಬಹಳ ನಿಧಾನ," ಎಂದಳು. "ಇನ್ನೂ ಎರಡು ಹಾಡು ಆಗಲಿ."